ಕೇಳಿದರೆ ಹೇಳ್ತೀನಿ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬೆಳಗಿನ ಬಸ್ಸು. ಪಕ್ಕದಲ್ಲಿ ಕೂತಿದ್ದ ಸಹಪಾಠಿ ಇದ್ದಕ್ಕಿದ್ದಂತೆ ಕೇಳಿದ, ‘ಲೋ, ನಿಮ್ಮೋರು ಜನರನ್ನ ಮತಾಂತರ ಮಾಡ್ತಾರಂತಲ್ಲ, ನಿಜಾನಾ?’ ಅವನ ಹಣೆಯಲ್ಲಿ ವಿಭೂತಿ, ನನ್ನ ಕೊರಳಲ್ಲಿ ಶಿಲುಬೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ‘ನಿನ್ನ ಕೈಲಿ ಅಸೈನ್‌ಮೆಂಟ್ ಬರೆಸೋಕೇ ಆಗ್ಲಿಲ್ಲ, ಮತ ಎಲ್ಲಿ ಬದಲಾಯಿಸ್ಲಿ?’ ಎಂದೆ. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಬಸ್ಸಿಳಿಯಿತು.

ನಂಬಿದ್ದನ್ನು ಇತರರಿಗೆ ಹೇಳುವುದು ಕ್ರೈಸ್ತರ ಕರ್ತವ್ಯ. ಇದರಲ್ಲಿ ಮುಚ್ಚುಮರೆ ಇಲ್ಲ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಟ್ಟಿದೆ. ಅದು ಮತ್ತೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾಯ್ದೆಯಂತೂ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು. ಒಬ್ಬರ ಮನಸ್ಸು ಬದಲಾಗಲು ಸರ್ಕಾರಿ ನಮೂನೆ ಯಾಕೆ ಎಂಬ ಸಿಟ್ಟು ನನಗಿದೆ. ಆದರೆ ಜನರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಪಿಯುಸಿಯಲ್ಲಿದ್ದಾಗ ಗೆಳೆಯನೊಬ್ಬನ ತಾಯಿ ಆಸ್ಪತ್ರೆ ಸೇರಿದ್ದರು. ನೋಡಲು ಹೋದವನು ಹಣ್ಣು ಕೊಟ್ಟು ಬರಬಹುದಿತ್ತು. ದಿಂಬಿನ ಪಕ್ಕ ಕರಪತ್ರ ಇಟ್ಟು, ‘ಆಂಟಿ, ಯೇಸುವನ್ನ ನಂಬಿ, ವಾಸಿಯಾಗುತ್ತೆ’ ಎಂದೆ. ಅವರು ಕೈಮುಗಿದು ‘ಆಯ್ತಪ್ಪ’ ಎಂದರು. ಬೇರೇನು ಹೇಳಿಯಾರು? ಎದ್ದು ಹೋಗುವ ಶಕ್ತಿಯೂ ಅವರಿಗಿರಲಿಲ್ಲ. ಹೊರಗೆ ಗೆಳೆಯ, ‘ಅಮ್ಮನ್ನ ನೋಡೋಕೆ ಬಂದ್ಯಾ, ಇದಕ್ಕೆ ಬಂದ್ಯಾ?’ ಎಂದ. ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಮ್ಮೂರಲ್ಲಿ ಒಂದು ಕತೆಯಿದೆ. ಟಿಪ್ಪುವಿನ ಆನೆಯ ಕಣ್ಣು ನಂಜುಂಡನ ಕೃಪೆಯಿಂದ ವಾಸಿಯಾಯಿತಂತೆ. ಅವನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಲಿಂಗ ಅರ್ಪಿಸಿದನಂತೆ. ಆನೆ ವಾಸಿಯಾಯಿತಲ್ಲ, ಇನ್ನು ನಿನ್ನ ಧರ್ಮ ಬಿಡು ಎಂದು ಆ ಕತೆಯಲ್ಲಿ ಯಾರೂ ಹೇಳುವುದಿಲ್ಲ. ಚಿಕ್ಕಂದಿನಿಂದ ಕೇಳಿದ್ದರೂ ನನಗದು ಹೊಳೆದದ್ದು ಆಸ್ಪತ್ರೆಯಿಂದ ಬಂದ ಮೇಲೆ.

ಫೀಸು ಕಟ್ಟಲಾಗದವನ ಮುಂದೆ, ಕಾಯಿಲೆಯವರ ಮುಂದೆ ನಾವು ದೇವರ ಮಾತು ಎತ್ತಬಾರದು ಎಂದೇ ನನ್ನ ವಾದ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಹುಡುಕುವ ಹುಡುಗನಿಗೆ ಬೇಕಿರುವುದು ಎಲ್ಲಿ ಕೆಲಸ ಖಾಲಿಯಿದೆ ಎಂಬ ಮಾಹಿತಿ. ಅದನ್ನು ಕೊಡೋಣ, ಅಲ್ಲಿಗೇ ಬಿಡೋಣ. ಪ್ರಾರ್ಥನೆ ಮಾಡುವುದಾದರೆ ಮನೆಗೆ ಬಂದು ಮಾಡಬಹುದು, ದೇವರಿಗೆ ದೂರವೇನೂ ಆಗುವುದಿಲ್ಲ.

ಸಮಾನವಾಗಿ ನಿಂತು ವಾದಿಸಬಲ್ಲವರ ಜೊತೆ ಧಾರಾಳವಾಗಿ ಮಾತಾಡಬೇಕು. ಹಾಸ್ಟೆಲ್‌ನಲ್ಲಿ ಅಂಬೇಡ್ಕರ್ ಓದುವ ಗೆಳೆಯ ಕೇಳಿದ್ದ, ‘ನಿಮ್ಮಲ್ಲಿ ಮದುವೆ ಮಾತು ಬಂದಾಗ ಜಾತಿ ನೋಡಲ್ವಾ?’ ‘ನೋಡ್ತಾರೆ’ ಎಂದೆ. ಬಾಯಿಪಾಠ ಮಾಡಿದ್ದ ಉತ್ತರ ಬೇರೆಯಿತ್ತು, ಅದನ್ನು ಹೇಳಲು ನಾಲಗೆ ಏಳಲಿಲ್ಲ. ಆ ರಾತ್ರಿ ಒಂದು ಗಂಟೆಯವರೆಗೆ ಮಾತಾಡಿದೆವು. ಅವನು ಒಪ್ಪಲಿಲ್ಲ, ಎದ್ದೂ ಹೋಗಲಿಲ್ಲ.

ಬಸ್ಸಿನ ಗೆಳೆಯ ಕ್ರಿಸ್‌ಮಸ್‌ಗೆ ಮನೆಗೆ ಬಂದಿದ್ದ. ಕಜ್ಜಾಯ ತಿನ್ನುತ್ತಾ ಗೋದಲಿಯ ಮುಂದೆ ಕೂತು, ‘ದೇವರು ದನದ ಕೊಟ್ಟಿಗೇಲಿ ಯಾಕೋ ಹುಟ್ಟಿದ?’ ಎಂದ. ಕೇಳಿದನಲ್ಲ, ಹೇಳಿದೆ. ಹೊರಡುವಾಗ, ‘ದೊಡ್ಡ ಜಾತ್ರೆಗೆ ನೀನು ಬಾ, ಐದೂ ತೇರಿನ ಕತೆ ನಾನು ಹೇಳ್ತೀನಿ’ ಅಂದ. ಹೋಗಬೇಕು.