ವಾಪಸ್ ಬಂದ ಒಂದು ರೂಬಲ್

ಕಾದಂಬರಿ ಓದುವುದು ಬಿಡುವಿದ್ದವರ ಕೆಲಸ ಎಂಬ ಮಾತು ನಮ್ಮಲ್ಲಿ ಉಂಟು. "ಉಸ್ತಾದರೇ, ಕತೆ ಪುಸ್ತಕ ಓದಿ ಏನು ಸಿಗ್ತದೆ?" ಎಂದು ಕೇಳುವವರೂ ಇದ್ದಾರೆ. ಬಿಡುವು ಯಾರಿಗುಂಟು ಮಾರಾಯ್ರೇ? ಮನೆಯಲ್ಲಿ ಕರೆಂಟ್ ಇಲ್ಲ, ರೇಷನ್ ಅಂಗಡಿಯಲ್ಲಿ ಸರ್ವರ್ ಇಲ್ಲ, ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಈ ಕಿರಿಕಿರಿಗಳ ನಡುವೆಯೇ ನಾವು ಟಾಲ್‌ಸ್ಟಾಯ್ ಬರೆದ 'ಹಾಜಿ ಮುರಾದ್' ಓದಿ ಮುಗಿಸಿದೆವು. ಬಹಳ ದಿನಗಳ ಮೇಲೆ ಓದಿನ ಖುಷಿ ಸಿಕ್ಕಿತು.

ಕಾಕಸಸ್ ಬೆಟ್ಟಗಳಲ್ಲಿ ರಷ್ಯಾದ ಸೈನ್ಯಕ್ಕೂ ಇಮಾಮ್ ಶಾಮಿಲ್‌ರ ಕಡೆಯವರಿಗೂ ದಶಕಗಳ ಕಾಲ ನಡೆದ ಯುದ್ಧದ ಕತೆಯಿದು. ಸೇನಾನಿ ಹಾಜಿ ಮುರಾದ್ ಶಾಮಿಲ್‌ರೊಂದಿಗೆ ಮುನಿದು 1851ರಲ್ಲಿ ರಷ್ಯನ್ನರನ್ನು ಸೇರುತ್ತಾನೆ. ಅವನ ಮನೆಯವರು ಶಾಮಿಲ್‌ರ ಸೆರೆಯಲ್ಲಿ. ರಷ್ಯನ್ನರ ನೆರವಿಗೆ ಕಾದು ಸೋತು, 1852ರಲ್ಲಿ ತಾನೇ ತಪ್ಪಿಸಿಕೊಂಡು ಹೊರಟು, ಹೋರಾಡಿ ಸಾಯುತ್ತಾನೆ.

ಟಾಲ್‌ಸ್ಟಾಯ್ ಯುವಕರಾಗಿದ್ದಾಗ ಅದೇ ಕಾಕಸಸ್‌ನಲ್ಲಿ ರಷ್ಯಾದ ಸೈನ್ಯದಲ್ಲಿದ್ದವರು. ಆದರೂ ತಮ್ಮ ಕಡೆಯ ಸೈನ್ಯ ಹಳ್ಳಿಗೆ ನುಗ್ಗಿ ಸಾದೋ ಎಂಬವನ ಜೇನುಗೂಡು ಸುಟ್ಟದ್ದು, ಅವನ ಮಗನನ್ನು ಬೆನ್ನಿಗೆ ಇರಿದು ಕೊಂದದ್ದು, ಮಸೀದಿಯನ್ನು, ಕುಡಿಯುವ ನೀರನ್ನು ಹೊಲಸು ಮಾಡಿದ್ದು ಯಾವುದನ್ನೂ ಅವರು ಮುಚ್ಚಿಡಲಿಲ್ಲ. ಹಾಗಂತ ರಷ್ಯಾದ ಸಿಪಾಯಿಯನ್ನು ರಾಕ್ಷಸನನ್ನಾಗಿಯೂ ಮಾಡಲಿಲ್ಲ. ಅವ್‌ದೇವ್ ಎಂಬ ಬಡ ರೈತನ ಮಗ ಮಕ್ಕಳಿರುವ ಸಹೋದರನ ಬದಲಿಗೆ ಸೈನ್ಯಕ್ಕೆ ಹೋದವ. ಸಣ್ಣದೊಂದು ಚಕಮಕಿಯಲ್ಲಿ ಗುಂಡು ತಗಲಿ ಸಾಯುತ್ತಾನೆ. ಸರಕಾರಿ ವರದಿಯಲ್ಲಿ ಮಾತ್ರ ಅದೇ ಚಕಮಕಿಯಲ್ಲಿ ಬೆಟ್ಟದವರ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 100 ಮಂದಿ! ಊರಿನಿಂದ ತಾಯಿ ಮಗನಿಗೆ ಕಾಗದದೊಂದಿಗೆ ಒಂದು ರೂಬಲ್ ಕಳಿಸಿದ್ದಳು. ಮಗನ ಸಾವಿನ ಸುದ್ದಿಯೊಂದಿಗೆ ಆ ರೂಬಲ್ ವಾಪಸ್ ಬಂತು.

ಇವತ್ತು ನಮ್ಮ ಮಕ್ಕಳು ಯುದ್ಧ ನೋಡುವುದು ಮೊಬೈಲಿನಲ್ಲಿ. ಅರ್ಧ ನಿಮಿಷದ ವಿಡಿಯೋ, ಅದಕ್ಕೊಂದು ಹಾಡು, ಕೆಳಗೆ ಸತ್ತವರ ಲೆಕ್ಕ. "ಎಷ್ಟು ಹೊಡೆದ್ರು?" ಎಂದು ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಕೇಳ್ತಾರೆ. ಗದರಿಸಿ ಪ್ರಯೋಜನವಿಲ್ಲ. ಅವರಿಗೆ ಸಾದೋನ ಮಗನ ಕತೆಯನ್ನೂ ಹೇಳಬೇಕು, ಆ ರೂಬಲಿನ ಕತೆಯನ್ನೂ ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿದರೆ ಹಗೆ ಕಲಿಸಿದಂತಾದೀತು. ಎರಡನೆಯದನ್ನು ಮಾತ್ರ ಹೇಳಿದರೆ ಅನ್ಯಾಯವನ್ನು ಮರೆಸಿದಂತಾದೀತು.

1912ರಲ್ಲಿ, ಬರೆದವರು ತೀರಿಕೊಂಡ ಮೇಲೆ ಅಚ್ಚಾದ ಪುಸ್ತಕ ಇದು. ಗಾತ್ರದಲ್ಲಿ ದೊಡ್ಡದಲ್ಲ, ಬಸ್ಸಿಗೆ ಕಾಯುತ್ತಾ ಓದಿದರೂ ಮುಗಿಯುತ್ತದೆ. ದೊಡ್ಡವರು ಮೊದಲು ಓದಿ, ಆಮೇಲೆ ಕಾಲೇಜಿಗೆ ಹೋಗುವ ಮಕ್ಕಳ ಕೈಗೆ ಕೊಡಿ. ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಈ ಯುದ್ಧದಲ್ಲಿ ಆ ತಾಯಿಗೆ ಸಿಕ್ಕಿದ್ದೇನು?