ಎಲೆಯನ್ನು ತೂಗುವವರು ಮಗುವನ್ನೇಕೆ ತೂಗುವುದಿಲ್ಲ?



ನಾವು ಕಿತ್ತ ಟೀ ಎಲೆಯನ್ನು ತೋಟದಲ್ಲಿ ದಿನವೂ ತೂಗುತ್ತಾರೆ. ಒದ್ದೆ ಎಲೆಯೆಂದು ತೂಕ ಮುರಿಯುತ್ತಾರೆ, ಅರ್ಧ ಕಿಲೋ ಕಡಿಮೆಯಾದರೂ ಪುಸ್ತಕದಲ್ಲಿ ಬರೆಯುತ್ತಾರೆ. ಆದರೆ ಜ್ವರದಲ್ಲಿ ಫಿಟ್ಸ್ ಬಂದ ಮಗುವನ್ನು ನಡುರಾತ್ರಿ ಕಂಬಳಿಯಲ್ಲಿ ಸುತ್ತಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ದರೆ, ಎಷ್ಟೋ ಕಡೆ ಅದನ್ನು ತಕ್ಕಡಿಯ ಮೇಲಿಡುವವರೇ ಇಲ್ಲ. ವಯಸ್ಸು ಕೇಳಿ, ಕಣ್ಣಳತೆಯಲ್ಲಿ ಔಷಧಿ ಕೊಡುತ್ತಾರೆ. ಇದು ಸಣ್ಣ ಮಾತಲ್ಲ.

ಮಗುವೆಂದರೆ ಚಿಕ್ಕ ಗಾತ್ರದ ದೊಡ್ಡವರಲ್ಲ. ಮಗುವಿನ ಔಷಧಿಯ ಲೆಕ್ಕ ಅದರ ತೂಕದ ಮೇಲೆ ನಿಂತಿದೆ. ಎಲ್ಲರಿಗೂ ಗೊತ್ತಿರುವ ಪ್ಯಾರಾಸಿಟಮಾಲನ್ನೇ ನೋಡಿ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಹೆಚ್ಚೆಂದರೆ 150 ಮಿಲಿಗ್ರಾಂ. ಅಂಗಡಿಯ ಸಿರಪ್ಪಿನಲ್ಲಿ ಒಂದು ಬಗೆಗೆ 5 ಮಿಲಿಯಲ್ಲಿ 125, ಇನ್ನೊಂದಕ್ಕೆ ಅಷ್ಟರಲ್ಲೇ 250. ಹಸುಗೂಸುಗಳ ಡ್ರಾಪ್ಸಿನಲ್ಲಿ ಒಂದೇ ಮಿಲಿಗೆ 100! ಸಿರಪ್ಪೆಂದು ಡ್ರಾಪ್ಸನ್ನು 5 ಮಿಲಿ ಚಮಚದಲ್ಲಿ ಕುಡಿಸಿದರೆ 500 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಹೀಗೇ ಮತ್ತೆ ಮತ್ತೆ ಕೊಟ್ಟರೆ ಪಿತ್ತಜನಕಾಂಗ ಕೆಡುತ್ತದೆ. ಇಂಜೆಕ್ಷನ್ನಿನ ಲೆಕ್ಕದಲ್ಲಿ ಒಂದು ಚುಕ್ಕೆ ತಪ್ಪಿದರೆ ಔಷಧಿ ಹತ್ತು ಪಾಲಾಗುತ್ತದೆ. ನಿದ್ದೆಗೆಟ್ಟ ಡಾಕ್ಟರು, ಬಾಯಲ್ಲಿ ಹೇಳಿದ ಆಜ್ಞೆ, ಬದಲಾಗುವ ಡ್ಯೂಟಿ: ತಪ್ಪು ನುಗ್ಗಲು ತುರ್ತು ವಿಭಾಗಕ್ಕಿಂತ ಸುಲಭದ ಬಾಗಿಲು ಬೇರೆಯಿಲ್ಲ.

“ಪ್ರಾಣ ಹೋಗುವಾಗ ತೂಗಲು ಹೊತ್ತೆಲ್ಲಿ?” ಎನ್ನುತ್ತಾರೆ. ತಾಯಿ ಮಗುವನ್ನೆತ್ತಿ ತಕ್ಕಡಿಯ ಮೇಲೆ ನಿಲ್ಲಲಿ. ಆಮೇಲೆ ಒಬ್ಬಳೇ ನಿಲ್ಲಲಿ. ಕಳೆದರೆ ಮಗುವಿನ ತೂಕ ಸಿಕ್ಕಿತು. ಅಲುಗಿಸಬಾರದ ಮಗುವಾದರೆ ಉದ್ದ ಅಳೆದು ತೂಕ ಅಂದಾಜು ಮಾಡುವ ಟೇಪನ್ನು ಅಮೆರಿಕದ ವೈದ್ಯ ಜೇಮ್ಸ್ ಬ್ರೋಸ್ಲೋ 1980ರ ದಶಕದಲ್ಲೇ ರೂಪಿಸಿದರು. ನಮ್ಮ ಬಡಕಲು ಮಕ್ಕಳ ತೂಕವನ್ನು ಅದು ಹೆಚ್ಚಾಗಿ ತೋರಿಸಬಹುದು. ಆದ್ದರಿಂದ ತಕ್ಕಡಿಯೇ ಮೊದಲು.

ನಮ್ಮವರಲ್ಲೂ ಒಂದು ಕೆಟ್ಟ ರೂಢಿಯಿದೆ. ಬಾಟಲಿ ಹಾಕದಿದ್ದರೆ ಡಾಕ್ಟರು ಏನೂ ಮಾಡಲಿಲ್ಲವೆಂದು ಗಲಾಟೆ. ಉಗಾಂಡ, ಕೀನ್ಯ, ಟಾಂಜಾನಿಯಾಗಳಲ್ಲಿ ಕಾಯಿಲೆ ಬಿಗಡಾಯಿಸಿದ್ದ 3,141 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲ 2011ರಲ್ಲಿ ಹೊರಬಂತು. ನರಕ್ಕೆ ಬೇಗಬೇಗ ನೀರು ಹರಿಸಿದ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಎರಡು ದಿನದೊಳಗೆ ತೀರಿಹೋದರು; ಹಾಗೆ ಹರಿಸದವರಲ್ಲಿ ಏಳಕ್ಕೆ ತುಸು ಹೆಚ್ಚು. ಬಾಟಲಿಯೂ ಔಷಧಿಯೇ, ಅದಕ್ಕೂ ಅಳತೆ ಉಂಟು.

ಮಗು ತೀರಿಕೊಂಡ ಮೇಲೆ “ದೇವರ ಚಿತ್ತ” ಎಂದು ಸಮಾಧಾನ ಹೇಳುವವರು ಬರುತ್ತಾರೆ. ಮನುಷ್ಯನ ಅಸಡ್ಡೆಗೆ ದೇವರ ಹೆಸರಿಡಬೇಡಿ! ಯಾಯೀರನ ಮಗಳನ್ನು ಎಬ್ಬಿಸಿದ ಕರ್ತನು ಅಲ್ಲಿಗೇ ನಿಲ್ಲಿಸಲಿಲ್ಲ, ಅವಳಿಗೆ ಊಟ ಕೊಡಿಸಿರೆಂದು ಹೇಳಿದನು. ಮಕ್ಕಳ ಆರೈಕೆಯಲ್ಲಿ ಸಣ್ಣದೆಂಬುದು ಆತನಿಗಿರಲಿಲ್ಲ.

ಇದು ಬೇಡುವ ಭಿಕ್ಷೆಯೂ ಅಲ್ಲ. ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯ ಸೌಕರ್ಯ ಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ತೋಟದವರ ಆರೋಗ್ಯ ಸೌಕರ್ಯದ ಮಾತಿದೆ.

ಆದ್ದರಿಂದ ಕೂಟಕೂಟದಲ್ಲೂ ಈ ಒತ್ತಾಯ ಏಳಲಿ. ಔಷಧಿಗೆ ಮೊದಲು ಮಗುವನ್ನು ತೂಗಬೇಕು. ಚೀಟಿಯ ಮೇಲೆ ತೂಕವನ್ನು ಕಿಲೋದಲ್ಲಿ ಬರೆಯಬೇಕು. ಇಂಜೆಕ್ಷನ್ನಿನ ಲೆಕ್ಕವನ್ನು ಇಬ್ಬರು ನೋಡಬೇಕು. ಎಷ್ಟು ಮಿಲಿ, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ತಾಯಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಗಡಿಯಾಚೆ ಇರುವ ನಾವು ತಿಳಿಯದ ಮಾತಿಗೆಲ್ಲ ತಲೆಯಾಡಿಸಿ ಬರಬಾರದು. ತಾಯಂದಿರೇ, ಅಂಗನವಾಡಿಯ ಕಾರ್ಡನ್ನೂ ಮನೆಯಲ್ಲಿ ಕುಡಿಸಿದ ಔಷಧಿಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. “ನನ್ನ ಮಗುವಿನ ತೂಕವೆಷ್ಟು?” ಎಂದು ಕೇಳಲು ಅಂಜಬೇಡಿರಿ.

ಎಲೆಗೆ ತಕ್ಕಡಿ ಇಟ್ಟವರಿಗೆ ನಮ್ಮ ಮಕ್ಕಳಿಗೊಂದು ತಕ್ಕಡಿ ಇಡುವುದು ಭಾರವಾಗಲಾರದು.