‘ಓದುಗರಿಲ್ಲ, ಬೇಡ’

ಕಳೆದ ಚಳಿಗಾಲದಲ್ಲಿ ನಾವು ಒಂದು ಕನ್ನಡ ದಿನಪತ್ರಿಕೆಯ ಕ್ರೀಡಾ ವಿಭಾಗಕ್ಕೆ ಖೋ ಖೋ ಪಂದ್ಯವೊಂದರ ವರದಿಯನ್ನು ಕಳುಹಿಸಿದ್ದೆವು. ಹನ್ನೊಂದನೆಯ ದಿನ ಉತ್ತರ ಬಂದಿತು. ಸಂಬೋಧನೆಯಿಲ್ಲ, ವಂದನೆಯಿಲ್ಲ, ಕೆಳಗೆ ಹೆಸರೂ ಇಲ್ಲ. ‘ಖೋ ಖೋಗೆ ಓದುಗರಿಲ್ಲ. ಬೇಡ.’ ಇಷ್ಟೇ. ಪತ್ರಿಕೆಯ ಹೆಸರನ್ನು ನಾವು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಈ ಲೇಖನವು ಒಬ್ಬರ ಮೇಲಿನ ದೂರಾಗಿಬಿಡುತ್ತದೆ. ನಮ್ಮ ಜಗಳವಾದರೋ ವ್ಯಕ್ತಿಯೊಡನಲ್ಲ, ಆ ವಾಕ್ಯದೊಡನೆ.

ಸಂಘದ ವಾಚನಾಲಯದಲ್ಲಿ ಇದನ್ನು ತೋರಿಸಿದಾಗ ಕೂಡಲೇ ಎರಡು ಪಕ್ಷಗಳಾದವು. ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಮಾಸ್ತರ, ನಾವು ಮಹಾರಾಷ್ಟ್ರದಾಗ ಇರೋರು ಅಂತ ಹಿಂಗ ಮಾಡ್ಯಾರ. ಸಂಘದ ಠರಾವು ಮಾಡಿ ಕಳಸೋಣ” ಎಂದರು. ಇನ್ನೊಬ್ಬರು ಅಷ್ಟೇ ಸ್ನೇಹದಿಂದ, “ನಿಮಗ್ಯಾಕ ಬೇಕ್ರಿ ಈ ಉಸಾಬರಿ? ಹುಡುಗರಿಗೆ ಮಗ್ಗಿ ಕಲಿಸ್ರಿ” ಎಂದರು. ಈ ಎರಡು ಉಪದೇಶಗಳೂ ತಪ್ಪೆಂಬುದು ನಮ್ಮ ಅಭಿಪ್ರಾಯ. ಏಕೆ ತಪ್ಪೆಂಬುದನ್ನು ಹೇಳುವುದಕ್ಕಾಗಿಯೇ ಈ ಪುಟಗಳನ್ನು ಬೇಡಿದ್ದೇವೆ.

ಮೊದಲು ಠರಾವಿನ ಮಾತು. ಗಡಿನಾಡಿಗರ ನೋವು ಸುಳ್ಳೆಂದು ನಾವು ಹೇಳೆವು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಶಾಲೆಗಳಲ್ಲಿ ದುಡಿಯುವವರಿಗೆ ಆ ನೋವು ಯಾರೂ ಕಲಿಸಿಕೊಡಬೇಕಾದ ಪಾಠವಲ್ಲ. ಆದರೆ ನಿಜವಾದ ದೂರನ್ನು ಕೂಡಿಟ್ಟ ಹಣದಂತೆ ಜೋಪಾನವಾಗಿ ಬಳಸಬೇಕು. ಒಂದು ವರದಿ ಹಿಂದಕ್ಕೆ ಬಂದಿತೆಂದು ಅದನ್ನು ಖರ್ಚು ಮಾಡಿದರೆ, ನಾಳೆ ಒಂದು ಶಾಲೆಯೇ ಮುಚ್ಚುವ ಹೊತ್ತಿಗೆ ನಮ್ಮ ಕೈಯಲ್ಲಿ ಏನೂ ಉಳಿಯದು. ಅದಲ್ಲದೆ, ಬೆಂಗಳೂರಿನಲ್ಲಿಯೇ ಕುಳಿತು ಖೋ ಖೋ ಕುರಿತು ಬರೆದವನಿಗೆ ಇದೇ ಉತ್ತರ ಬರುತ್ತಿರಲಿಲ್ಲವೆಂದು ನಂಬಲು ನಮ್ಮ ಬಳಿ ಯಾವ ಆಧಾರವಿದೆ? ಆ ಸಂಪಾದಕ ಮಹಾಶಯರು ಗಡಿಯನ್ನು ತಿರಸ್ಕರಿಸಲಿಲ್ಲ, ಆಟವನ್ನು ತಿರಸ್ಕರಿಸಿದರು. ರೋಗ ಒಂದು, ಔಷಧ ಇನ್ನೊಂದು ಆಗಬಾರದು.

ಇನ್ನು ನಮ್ಮ ವರದಿಯ ವಿಚಾರ. ಕೋಪವಿಳಿದ ಮೇಲೆ ಅದನ್ನು ತೆಗೆದು, ಏಳನೆಯ ತರಗತಿಯ ಪ್ರಬಂಧವನ್ನು ತಿದ್ದುವಂತೆ ಕೆಂಪು ಮಸಿ ಹಿಡಿದು ಓದಿದೆವು. ನಾಚಿಕೆಯಾಯಿತು. ಪಂದ್ಯ ಮುಗಿದದ್ದು ಭಾನುವಾರ ಸಂಜೆ, ನಾವು ಕಳುಹಿಸಿದ್ದು ಬುಧವಾರ. ಒಂಬತ್ತು ನೂರು ಪದಗಳು. ಮೊದಲ ಪರಿಚ್ಛೇದವೆಲ್ಲ ಗ್ರಾಮೀಣ ಕ್ರೀಡೆಗಳ ಮಹಿಮೆ. ಎರಡನೆಯದು ಉದ್ಘಾಟಕರ, ಅಧ್ಯಕ್ಷರ, ಹಾರ ಹಾಕಿದವರ ಹೆಸರು. ಗೆದ್ದವರು ಯಾರೆಂಬುದು ಕೊನೆಯ ಸಾಲಿನಲ್ಲಿ, ಅದೂ ಅಂತರವಿಲ್ಲದೆ. ಅಂತಿಮ ಪಂದ್ಯದಲ್ಲಿ ಒಬ್ಬ ಹುಡುಗಿ ಎರಡು ನಿಮಿಷ ಮೂವತ್ತೆಂಟು ಸೆಕೆಂಡು ಸಿಕ್ಕದೆ ಓಡಿದ್ದಳು. ಒಂದು ಕಂಬದ ಬಳಿಯಲ್ಲಿಯೇ ಸುತ್ತು ಹಾಕಿ ಹಾಕಿ, ಅಟ್ಟುವವರನ್ನು ದಣಿಸಿ, ಕೊನೆಗೆ ಸತತವಾಗಿ ಮೂರು ಖೋಗಳನ್ನು ತಡಮಾಡಿ ಕೊಟ್ಟು ಅವಳನ್ನು ಆ ಕಂಬದಿಂದ ಬಿಡಿಸಬೇಕಾಯಿತು. ಇಡೀ ಪಂದ್ಯದ ಜೀವ ಅದರಲ್ಲಿತ್ತು. ಅದನ್ನು ಕಣ್ಣಾರೆ ಕಂಡ ನಾವು ಬರೆದದ್ದೇನು? ‘ಅದ್ಭುತ ಪ್ರದರ್ಶನ ನೀಡಿದಳು.’ ಇಂಥ ವರದಿಯನ್ನು ನಾವೇ ಸಂಪಾದಕರಾಗಿದ್ದರೂ ಬೇಡವೆನ್ನುತ್ತಿದ್ದೆವು.

ಆದ್ದರಿಂದ ‘ಬೇಡ’ ಎಂಬ ಪದವನ್ನು ನಾವು ಒಪ್ಪಿಕೊಂಡೆವು. ‘ಓದುಗರಿಲ್ಲ’ ಎಂಬುದನ್ನು ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ತಿರಸ್ಕೃತನಾದ ಬರಹಗಾರನು ಮೊದಲು ಕಲಿಯಬೇಕಾದದ್ದು ಈ ಎರಡನ್ನು ಬೇರ್ಪಡಿಸುವುದನ್ನು. ಒಂದು, ನಮ್ಮ ಕೆಲಸದ ಮೇಲಿನ ತೀರ್ಪು. ಅದು ಎಷ್ಟು ಒರಟಾಗಿದ್ದರೂ ಕೊಡುವ ಅಧಿಕಾರ ಅವರಿಗುಂಟು. ಮತ್ತೊಂದು, ಲೋಕದ ಮೇಲಿನ ತೀರ್ಪು. ಅದಕ್ಕೆ ಸಾಕ್ಷಿ ಬೇಕು. ಎರಡನ್ನೂ ಒಟ್ಟಿಗೆ ನುಂಗಿದವನು ಬರೆಯುವುದನ್ನೇ ಬಿಡುತ್ತಾನೆ. ಎರಡನ್ನೂ ಒಟ್ಟಿಗೆ ಉಗುಳಿದವನು ಎಂದೂ ಚೆನ್ನಾಗಿ ಬರೆಯಲಾರ.

ಓದುಗರಿಲ್ಲವೆ? ನಮ್ಮ ಕನ್ನಡ ಪತ್ರಿಕೆಗಳನ್ನೇ ಕೇಳೋಣ. ಮಂತ್ರಿಯೊಬ್ಬನನ್ನು ಸಂಪುಟದಿಂದ ಬಿಟ್ಟರೆ ‘ಸಚಿವರಿಗೆ ಕೊಕ್’. ಆಟಗಾರನನ್ನು ಕ್ರಿಕೆಟ್ ತಂಡದಿಂದ ಕೈಬಿಟ್ಟರೆ ಅವನಿಗೂ ‘ಕೊಕ್’. ಈ ಮಾತು ಎಲ್ಲಿಂದ ಬಂದಿತು? ಯಾವ ಓದುಗನೂ ಅದರ ಅರ್ಥ ಕೇಳಿ ಪತ್ರ ಬರೆದಂತಿಲ್ಲ. ಏಕೆಂದರೆ ಪ್ರತಿಯೊಬ್ಬನೂ ಶಾಲೆಯ ಬಯಲಿನಲ್ಲಿ ಬೆನ್ನ ಮೇಲೆ ಆ ಏಟು ತಿಂದವನೇ. ಆಟದ ಪದವು ತಲೆಬರಹಕ್ಕೆ ಬೇಕು, ಆಟ ಮಾತ್ರ ಬೇಡ! ಅದೂ ಆ ಪದವನ್ನು ತಲೆಕೆಳಗು ಮಾಡಿ. ಅಂಗಳದಲ್ಲಿ ಖೋ ಸಿಕ್ಕವನು ಹೊರಗೆ ಹೋಗುವುದಿಲ್ಲ. ಕುಳಿತಿದ್ದವನು ಎದ್ದು ಓಡತೊಡಗುತ್ತಾನೆ. ಕುಳಿತುಕೊಳ್ಳುವವನು ಕೊಟ್ಟವನು.

ಇದು ಹುಡುಗಾಟಿಕೆಯ ಆಟವೆಂದು ಹೇಳುವವರಿಗೂ ಎರಡು ಮಾತು. ಪುಣೆಯ ಡೆಕ್ಕನ್ ಜಿಮ್ಖಾನಾ ಇದಕ್ಕೆ ನಿಯಮಗಳನ್ನು ಕಟ್ಟಿದ್ದು 1914ರಲ್ಲಿ. ರಾಷ್ಟ್ರೀಯ ಪಂದ್ಯಾವಳಿ 1959-60ರಲ್ಲಿ ವಿಜಯವಾಡದಲ್ಲಿ ಆರಂಭವಾಯಿತು. 2025ರ ಜನವರಿ 13ರಿಂದ 19ರವರೆಗೆ ದಿಲ್ಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ಮೊತ್ತಮೊದಲ ವಿಶ್ವಕಪ್ ನಡೆದು, ಕೊನೆಯ ದಿನ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದಲೂ ಪುರುಷರು ಅದೇ ನೇಪಾಳವನ್ನು 54-36ರಿಂದಲೂ ಸೋಲಿಸಿದರು. ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಬಿ. ಆ ಮಹಿಳಾ ತಂಡದಲ್ಲಿದ್ದರು, ಎಂ. ಕೆ. ಗೌತಮ್ ಪುರುಷರ ತಂಡದಲ್ಲಿದ್ದರು. ಮುಂದೇನಾಯಿತೆಂಬುದು ಎಲ್ಲರಿಗೂ ಗೊತ್ತು. ಮಹಾರಾಷ್ಟ್ರವು ತನ್ನ ಆಟಗಾರರಿಗೆ ಎರಡೂಕಾಲು ಕೋಟಿ ರೂಪಾಯಿ ಘೋಷಿಸಿತು; ಕರ್ನಾಟಕವು 5 ಲಕ್ಷ ಘೋಷಿಸಿದಾಗ ಈ ಇಬ್ಬರೂ ಅದನ್ನು ಬೇಡವೆಂದರು. ಆ ಸುದ್ದಿಯನ್ನು ನಮ್ಮೂರ ಚಹದಂಗಡಿಯಲ್ಲಿ ಕೂಡ ಗಟ್ಟಿಯಾಗಿ ಓದಿದರು. ಹಣದ ಜಗಳಕ್ಕೆ ಓದುಗರು ಸಿಕ್ಕಿದರಲ್ಲ, ಎಲ್ಲಿಂದ ಬಂದರು ಅವರು? ಚೈತ್ರಾ ಹೇಗೆ ಆಡುತ್ತಾರೆ, ಅಟ್ಟುವುದರಲ್ಲಿ ಜಾಣರೋ ತಪ್ಪಿಸಿಕೊಳ್ಳುವುದರಲ್ಲೋ ಎಂಬುದನ್ನು ತಿಳಿಯಲು ಆ ವಾರ ನಮ್ಮ ಕೈಗೆ ಬಂದ ಕನ್ನಡ ಪುಟಗಳನ್ನೆಲ್ಲ ಹುಡುಕಿದೆವು. ಅಂಕಗಳಿದ್ದವು, ಅಭಿನಂದನೆಗಳಿದ್ದವು. ಆಟವಿರಲಿಲ್ಲ. ಬಡಿಸದ ಪದಾರ್ಥವನ್ನು ಉಣ್ಣುವವರಿಲ್ಲವೆಂದು ಹೇಳುವುದು ಯಾವ ನ್ಯಾಯ?

ಆಟವನ್ನು ಬರೆಯುವುದೆಂದರೇನು ಎಂದು ಕೇಳಬಹುದು. ಮೈದಾನದ ನಡುಗೆರೆಯಲ್ಲಿ ಎಂಟು ಮಂದಿ ಕುಳಿತಿರುತ್ತಾರೆ, ಒಬ್ಬರು ಈ ಕಡೆ ಮುಖ ಮಾಡಿದರೆ ಮುಂದಿನವರು ಆ ಕಡೆ. ಒಂಬತ್ತನೆಯವನು ಅಟ್ಟುತ್ತಾನೆ. ಅವನು ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬದಲಿಸುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಓಡುವವನಿಗಾದರೋ ಈ ಕಟ್ಟುಗಳೊಂದೂ ಇಲ್ಲ. ಆದುದರಿಂದ ಖೋ ಖೋದಲ್ಲಿ ಗೆಲುವು ಕಾಲಿನಲ್ಲಿಲ್ಲ. ಯಾರ ಬೆನ್ನಿಗೆ, ಯಾವ ಗಳಿಗೆಯಲ್ಲಿ ಖೋ ಕೊಡಬೇಕೆಂಬ ಲೆಕ್ಕದಲ್ಲಿದೆ. ಓಡುವವನು ಕುಳಿತವರ ನಡುನಡುವೆ ಹಾವಿನಂತೆ ನುಸುಳುತ್ತಿದ್ದಾನೆಯೇ, ಕಂಬದ ಬಳಿ ಸುತ್ತುತ್ತಿದ್ದಾನೆಯೇ, ಯಾವಾಗ ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಂದ, ಏಕೆ ಬಂದ ಎಂಬುದನ್ನು ನೋಡಿ ಬರೆಯಬೇಕು. ಇದಕ್ಕೆ ಕನ್ನಡದಲ್ಲಿ ಮಾತುಗಳು ಸಾಲವು. ನಮ್ಮ ಹುಡುಗರು ಮೈಚೆಲ್ಲಿ ಮುಟ್ಟುವುದಕ್ಕೆ ಮರಾಠಿಯಿಂದ ಎತ್ತಿಕೊಂಡು ‘ಸೂರ ಹೊಡಿ’ ಎನ್ನುತ್ತಾರೆ. ವರದಿಯಲ್ಲಿ ಅದನ್ನು ‘ಜಿಗಿತ’ವೆಂದು ಬರೆದಿದ್ದೆವು. ತಪ್ಪು, ಜಿಗಿತ ಮೇಲಕ್ಕೆ, ಸೂರ ಮುಂದಕ್ಕೆ. ಕೊನೆಗೆ ‘ನೆಲಕ್ಕೆ ಮೈಚಾಚಿ ಮುಟ್ಟಿದಳು’ ಎಂದು ಬರೆಯುವುದನ್ನು ಕಲಿತೆವು. ಒಂದು ಆಟದ ಸುದ್ದಿಯನ್ನು ಬರೆಯದೆ ಬಿಟ್ಟರೆ ಕಳೆದುಹೋಗುವುದು ಸುದ್ದಿಯೊಂದೇ ಅಲ್ಲ, ಅದನ್ನು ಹೇಳಬೇಕಾದ ನುಡಿಯೂ ಹುಟ್ಟದೆ ಹೋಗುತ್ತದೆ. ಕ್ರಿಕೆಟ್ಟಿಗೆ ಕನ್ನಡದಲ್ಲಿ ದಾಂಡಿಗ, ಗೂಟರಕ್ಷಕ ಮೊದಲಾದ ಪದಗಳು ಬಂದದ್ದು ಪ್ರತಿದಿನ ಯಾರೋ ಅದನ್ನು ಬರೆದದ್ದರಿಂದ.

ಈಗ ಎರಡನೆಯ ಹಿರಿಯರ ಉಪದೇಶಕ್ಕೆ ಬರೋಣ. ಶಿಕ್ಷಕನಿಗೆ ಈ ಉಸಾಬರಿ ಏಕೆ? ಅವರಿಗೆ ಉತ್ತರವಾಗಿ ಇನ್ನೊಬ್ಬ ಶಿಕ್ಷಕನನ್ನು ನೆನೆಯುತ್ತೇವೆ. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ ಮಾಸ್ತರಿಕೆ ಮಾಡಿದ್ದ ಸಿ. ಎಲ್. ಆರ್. ಜೇಮ್ಸ್ 1932ರಲ್ಲಿ ಇಂಗ್ಲೆಂಡಿಗೆ ಬಂದಾಗ ಅವನಿಗೆ ಮೂವತ್ತೊಂದು ವರ್ಷ. ಲ್ಯಾಂಕಷೈರಿನ ನೆಲ್ಸನ್ ಎಂಬ ಗಿರಣಿಗಳ ಊರಿನಲ್ಲಿ ಗೆಳೆಯ ಲಿಯರಿ ಕಾನ್‌ಸ್ಟಂಟೈನನ ಮನೆಯಲ್ಲಿ ಇಳಿದುಕೊಂಡನು. ಅಲ್ಲಿ ಆಡುತ್ತಿದ್ದದ್ದು ಊರೂರುಗಳ ನಡುವಣ ವಾರಾಂತ್ಯದ ಕ್ರಿಕೆಟ್, ದೊಡ್ಡವರ ಕ್ರಿಕೆಟ್ಟಲ್ಲ. ಐವತ್ತೊಂಬತ್ತು ವಯಸ್ಸಿನ ಸಿಡ್ನಿ ಬಾರ್ನ್ಸ್ ಅಂಥ ಒಂದು ಪಂದ್ಯದಲ್ಲಿ ಚೆಂಡೆಸೆಯುವುದನ್ನು ಜೇಮ್ಸ್ ಕಂಡು, ಕಂಡದ್ದನ್ನು ಬರೆದು, ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ನೆವಿಲ್ ಕಾರ್ಡಸನಿಗೆ ಕಳುಹಿಸಿದನು. ಲೇಖನ ಅಚ್ಚಾಯಿತು, ಮುಂದೆ ಆ ಪತ್ರಿಕೆಗೇ ಕ್ರಿಕೆಟ್ ವರದಿಗಾರನಾದನು. ಅವನು ಕ್ರಿಕೆಟ್ಟಿನ ಮಹಿಮೆಯನ್ನು ಬರೆದು ಕಳುಹಿಸಲಿಲ್ಲ, ತಾನು ದೂರದೇಶದವನೆಂಬ ದೂರನ್ನೂ ಕಳುಹಿಸಲಿಲ್ಲ. ಒಬ್ಬ ಮುದುಕ ಎಸೆಗಾರನನ್ನು ಕಳುಹಿಸಿದನು. ಹಾಗೆಂದು ಜೇಮ್ಸನ ಭಾಗ್ಯ ಎಲ್ಲರಿಗೂ ಇದೆಯೆಂದು ನಾವು ಬೊಗಳೆ ಬಿಡುವವರಲ್ಲ. ಹೆಸರಾಂತ ಆಟಗಾರನ ಮನೆಯ ಆಶ್ರಯ, ಅಪರಿಚಿತನ ಬರಹವನ್ನು ಕುಳಿತು ಓದುವ ಕಾರ್ಡಸ್, ಇವೆರಡೂ ನಮಗೆ ಇಲ್ಲ. ಒಂದು ಬರಹ ಮೇಲೇಳಬೇಕಾದರೆ ಅದನ್ನು ಓದುವ ಒಬ್ಬನಾದರೂ ಇರಬೇಕು. ನಮ್ಮ ಆಗ್ರಹ ಇರುವುದು ಇಲ್ಲಿಯೇ.

ಸಂಪಾದಕರಿಗೆ ನಾವು ವಿನಯವನ್ನು ಕೇಳುತ್ತಿಲ್ಲ. ದಿನಕ್ಕೆಷ್ಟೋ ಬರಹಗಳು ಅವರ ಮೇಜಿಗೆ ಬರುತ್ತವೆ, ಪುಟ ರಾತ್ರಿ ಮುಗಿಯಬೇಕು, ವಂದನೆ ಬರೆಯುತ್ತ ಕೂರಲಾಗದು. ಲೆಕ್ಕ ತಪ್ಪಿದ ಮಗುವಿನ ಪಾಟಿಯ ಮೇಲೆ ಗೀಟು ಹೊಡೆದು, ಎಲ್ಲಿ ತಪ್ಪಿತೆಂದು ತೋರಿಸದ ಶಿಕ್ಷಕನಿಗೆ ಅವರನ್ನು ಹೋಲಿಸಿ ಒಂದು ಕಟುವಾದ ಪರಿಚ್ಛೇದವನ್ನೇ ಬರೆದಿದ್ದೆವು, ಮರುದಿನ ಹೊಡೆದುಹಾಕಿದೆವು. ಅವರು ನಮ್ಮ ಗುರುಗಳಲ್ಲ, ನಮ್ಮನ್ನು ತಿದ್ದುವ ಹೊಣೆ ಅವರಿಗಿಲ್ಲ. ಆದರೆ ಎರಡು ಪದಗಳನ್ನೇ ಬರೆಯುವುದಾದರೆ ನಿಜವಾದ ಎರಡು ಪದಗಳನ್ನು ಬರೆಯಬಹುದಲ್ಲ? ‘ತಡವಾಯಿತು’, ‘ಉದ್ದವಾಯಿತು’, ‘ಆಟ ಕಾಣಲಿಲ್ಲ’. ಇವಕ್ಕೂ ‘ಓದುಗರಿಲ್ಲ’ ಎಂಬುದಕ್ಕೂ ಮಸಿಯ ಖರ್ಚು ಒಂದೇ. ಮೊದಲಿನವನ್ನು ಓದಿದ ಹೊಸಬ ಮರುವಾರ ಬೇಗ ಬರೆಯುತ್ತಾನೆ, ಚಿಕ್ಕದಾಗಿ ಬರೆಯುತ್ತಾನೆ. ಕೊನೆಯದನ್ನು ಓದಿದವನು ಲೇಖನಿಯನ್ನು ಕೆಳಗಿಡುತ್ತಾನೆ, ಇಲ್ಲವೆ ಠರಾವು ಬರೆಯುತ್ತಾನೆ. ತಮ್ಮ ಬೇಸರವನ್ನು ಓದುಗರ ಹೆಸರಿನಲ್ಲಿ ರುಜು ಮಾಡಿ ಕಳುಹಿಸುವುದು ಪತ್ರಿಕಾಧರ್ಮವಲ್ಲ. ಓದುಗರು ಅವರಿಗೆ ಆ ಮುಖತ್ಯಾರಿಯನ್ನು ಕೊಟ್ಟಿಲ್ಲ.

ನಮ್ಮ ಸಂಘದ ಬಂಧುಗಳಿಗೂ ಒಂದು ಮಾತು. ವರ್ಷಕ್ಕೆ ಮೂರು ನಿಷೇಧ ಪತ್ರಗಳನ್ನು ಬರೆಯುವ ನಾವು, ನಮ್ಮ ತಾಲೂಕಿನ ಹತ್ತು ವರ್ಷಗಳ ಖೋ ಖೋ ಫಲಿತಾಂಶವನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದೇವೆಯೇ? ಯಾವ ಹುಡುಗಿ ಯಾವ ಊರಿನವಳು, ಎಷ್ಟು ಹೊತ್ತು ಓಡಿದಳು, ಎಲ್ಲಿಗೆ ಮದುವೆಯಾಗಿ ಹೋಗಿ ಆಟ ಬಿಟ್ಟಳು? ಬೆಂಗಳೂರಿನ ಯಾವ ವರದಿಗಾರನಿಗೂ ಇದು ತಿಳಿಯದು; ನಮಗೆ ತಿಳಿದೀತು, ಆದರೆ ನಾವು ಬರೆದಿಟ್ಟಿಲ್ಲ. ಈ ವರ್ಷ ಅಂಥ ವಹಿಯನ್ನು ಆರಂಭಿಸಿದ್ದೇವೆ. ಸದ್ಯಕ್ಕೆ ನಾಲ್ಕು ಶಾಲೆಗಳ ಲೆಕ್ಕ ಮಾತ್ರ ಇದೆ, ಅದರಲ್ಲಿಯೂ ಒಂದರದು ಅರ್ಧ.

ಆ ಉತ್ತರಕ್ಕೆ ನಾವು ಮಾರುತ್ತರ ಬರೆಯಲಿಲ್ಲ. ಎರಡನೆಯ ವರದಿಯನ್ನು ಮೂರು ನೂರು ಪದಗಳಲ್ಲಿ ಪಂದ್ಯದ ಮರುದಿನ ಬೆಳಿಗ್ಗೆ ಕಳುಹಿಸಿದೆವು, ಉತ್ತರವೇ ಬರಲಿಲ್ಲ. ಮೂರನೆಯದನ್ನು ಬೇರೊಂದು ಪತ್ರಿಕೆಗೆ, ನೂರಾ ಇಪ್ಪತ್ತು ಪದಗಳಲ್ಲಿ, ಪಂದ್ಯ ಮುಗಿದ ದಿನವೇ ಸಂಜೆ ಏಳೂ ನಲವತ್ತಕ್ಕೆ ಮೈದಾನದ ಕಟ್ಟೆಯ ಮೇಲೆ ಕುಳಿತು ಬರೆದು ಕಳುಹಿಸಿದೆವು. ಅದರಲ್ಲಿ ಮೂರು ಸಾಲು ಒಳಪುಟದಲ್ಲಿ ಅಚ್ಚಾದವು. ನಮ್ಮ ಹೆಸರಿರಲಿಲ್ಲ, ಗೆದ್ದ ಊರಿನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ಆ ಒಂದಕ್ಷರದ ತಿದ್ದುಪಡಿಯನ್ನಷ್ಟೇ ಬರೆದು ಕಳುಹಿಸಿದೆವು.

ವಿಜಯಪುರದ ಕಡೆಯ ಬಸ್ಸಿನಲ್ಲಿ ಬಂದ ಆ ಪತ್ರಿಕೆಯನ್ನು ಹಿಡಿದುಕೊಂಡು ಮರುದಿನ ಮಧ್ಯಾಹ್ನ ಒಬ್ಬ ಅಜ್ಜ ಶಾಲೆಯ ಬಾಗಿಲಿಗೆ ಬಂದನು. ಅವನ ಮೊಮ್ಮಗಳು ಆ ತಂಡದಲ್ಲಿ ಓಡಿದ್ದಳು. ಅವನಿಗೆ ಓದಲು ಬಾರದು. ಮೂರು ಸಾಲುಗಳನ್ನು ಯಾರಿಂದಲೋ ಓದಿಸಿಕೊಂಡು ಬಂದಿದ್ದನು. “ಮಾಸ್ತರ, ನಮ್ಮ ಹುಡುಗಿ ಎಷ್ಟೊತ್ತು ಓಡ್ಯಾಳ ಅಂತ ಇದರಾಗ ಬರದಿಲ್ಲಲ್ರಿ?” ಎಂದು ಕೇಳಿದನು. ನಾವು ಕಳುಹಿಸಿದ್ದರಲ್ಲಿ ಅದಿತ್ತು, ಅಚ್ಚಾದುದರಲ್ಲಿ ಇರಲಿಲ್ಲ. ಒಂದು ನಿಮಿಷ ಐವತ್ತೆರಡು ಸೆಕೆಂಡು ಎಂದು ವಹಿಯನ್ನು ತೆರೆದು ಹೇಳಿದೆವು. ಅವನು ಅದನ್ನು ಪತ್ರಿಕೆಯ ಅಂಚಿನಲ್ಲಿ ನಮ್ಮಿಂದಲೇ ಬರೆಸಿಕೊಂಡು ಹೋದನು.